ಸಿಗಡಿ ವಾಸನೆಯ ಆಲ್ತಾರು ಬಟ್ಟೆ

ಬಜ್ಪೆ

ನನ್ನನ್ನು ಬಜ್ಪೆ ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ನನ್ನ ಗಂಡನ ಮುಖದಲ್ಲಿ ಆ ದಿನ ಕಂಡ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ಕಂಡವಳಲ್ಲ. ಕಾರಣ ನನಗೆ ಗೊತ್ತಿತ್ತು. ಮೂರು ವಾರ ನಾನು ಮನೆಯಲ್ಲಿರುವುದಿಲ್ಲ, ಅಂದರೆ ಮೂರು ವಾರ ಸಂಜೆಯ ಜಪಮಾಲೆ ಬೇಗ ಮುಗಿಯುತ್ತದೆ. ನಾನು ಪ್ರಾರ್ಥನೆ ಹೇಳಿಕೊಟ್ಟರೆ ಊರಿನ ರೋಗಿಗಳು, ಮದುವೆಯಾಗದ ಹುಡುಗಿಯರು, ಪಂಚಾಯತಿನವರ ಮನಪರಿವರ್ತನೆ ಎಲ್ಲವೂ ಅದರಲ್ಲಿ ಸೇರಿಕೊಂಡು, ಒಲೆಯ ಮೇಲಿನ ಗಂಜಿ ತಳ ಹಿಡಿಯುವ ತನಕ ಹೋಗುತ್ತದೆ.

ನನ್ನ ಹೆಸರು ಸೆವ್ರಿನ್. ಕಿನ್ನಿಗೋಳಿ ಕಡೆಯ ಕ್ರೈಸ್ತಳು. ಹೊಲಿಗೆ ನನ್ನ ಕಸುಬು, ಮಾತು ನನ್ನ ಖ್ಯಾತಿ. ಪ್ರಾರ್ಥನಾ ಕೂಟಗಳಲ್ಲಿ ನಾನು ದೇವರ ಉಪಕಾರಕ್ಕೆ ಸಾಕ್ಷ್ಯ ಹೇಳಲು ಎದ್ದು ನಿಂತರೆ ಹಿಂದಿನ ಬೆಂಚಿನವರು ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ ಎಂದು ನನ್ನ ಗಂಡ ಹೇಳುವುದುಂಟು. ಅದು ಸುಳ್ಳು. ಚಪ್ಪಲಿ ಹುಡುಕುವವನು ಅವನೊಬ್ಬನೇ.

ದೋಹಾದಲ್ಲಿರುವ ನನ್ನ ತಮ್ಮ ಸಿರಿಲ್ ಟಿಕೆಟ್ ಕಳಿಸಿದ್ದಾನೆಂಬ ಸುದ್ದಿ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಸ್ತ್ರೀ ಸಂಘಟನೆಗೆ ಮುಟ್ಟಿದ ಕೂಡಲೇ ಒಂದು ನಿರ್ಣಯವಾಯಿತು: ಸೆವ್ರಿನ್ ಬಾಯಿ ಹೇಗೂ ಹೋಗುತ್ತಾಳೆ, ಕತಾರಿನ ಇಗರ್ಜಿಗೆ ನಮ್ಮ ಕೈಯಾರೆ ಕಸೂತಿ ಹಾಕಿದ ಒಂದು ಆಲ್ತಾರು ಬಟ್ಟೆ ಕಳಿಸುವುದು. ಆಲ್ತಾರು ಎಂದರೆ ಬಲಿಪೀಠ, ಯೇಸುವಿನ ಕೊನೆಯ ಊಟದ ನೆನಪಿಗೆ ಪಾದ್ರಿಗಳು ಪೂಜೆ ಅರ್ಪಿಸುವ ಮೇಜು. ಬಿಳಿ ಬಟ್ಟೆಯ ನಡುವೆ ಬಂಗಾರದ ನೂಲಿನ ಶಿಲುಬೆ, ಅದು ನನ್ನ ಕೆಲಸ. ಎರಡೂ ಬದಿಗೆ ಗೋಧಿಯ ತೆನೆ, ದ್ರಾಕ್ಷಿಯ ಗೊಂಚಲು. ಒಬ್ಬೊಬ್ಬಳಿಗೆ ಒಂದೊಂದು ಗೊಂಚಲು. ಯಾರ ಗೊಂಚಲು ಎಲ್ಲಿ ಎಂಬುದಕ್ಕೆ ಪಂಚಾಯತ್ ಚುನಾವಣೆಗಿಂತ ದೊಡ್ಡ ಜಗಳವಾಯಿತು. ಕೊನೆಗೆ ನಮ್ಮ ಅಧ್ಯಕ್ಷೆ ಎಮಿಲ್ಡಾ ಬಾಯಿ ಗದ್ದಲ ಮಾಡಿ ಶಿಲುಬೆಯ ಪಕ್ಕದ ಜಾಗವನ್ನೇ ಹಿಡಿದಳು. ಫೋಟೋ ತೆಗೆದರೆ ನಡುವಿನದ್ದು ತಾನೇ ಚೆನ್ನಾಗಿ ಬರುವುದು!

"ಆಲ್ತಾರಿನ ಮೇಲೆ ಹಾಸಿದ ಫೋಟೋ ತರದೆ ನೀನು ಊರಿಗೆ ಬರ್ಲೇಬೇಡ ಸೆವ್ರಿನ್," ಎಂದಳು ಎಮಿಲ್ಡಾ. ತಮಾಷೆಗೆ ಹೇಳಿದ್ದಲ್ಲ.

ಬಟ್ಟೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಜೊತೆಗೆ ನನ್ನ ದೊಡ್ಡ ಕತ್ತರಿ. ಬೇರೆಯವರ ಕತ್ತರಿಯನ್ನು ನಾನು ನಂಬುವವಳಲ್ಲ. ಬದಿಯಲ್ಲಿ ಇನ್ನೂ ಸ್ವಲ್ಪ ಜಾಗ ಇತ್ತು. ಜಾಗ ಖಾಲಿ ಬಿಡುವುದು ನಮ್ಮ ಮನೆತನದಲ್ಲೇ ಇಲ್ಲ. ತಮ್ಮನಿಗೆ ಇಷ್ಟವೆಂದು ಒಣ ಸಿಗಡಿಯ ದೊಡ್ಡ ಪೊಟ್ಟಣವೊಂದನ್ನು ಅಲ್ಲಿ ತುರುಕಿದೆ.

ದೋಹಾ, ತಮ್ಮನ ಮನೆ

ಮರಳುಗಾಡೆಂದರೆ ಬೆಂಕಿ ಎಂದುಕೊಂಡು ತೆಳ್ಳಗಿನ ಸೀರೆ ಉಟ್ಟು ಇಳಿದೆ. ಜನವರಿಯ ಗಾಳಿಗೆ ಹಲ್ಲು ಕಟಕಟ ಎನ್ನತೊಡಗಿತು. ಕಾರಿನ ತನಕ ಹೋಗುವಷ್ಟರಲ್ಲಿ ಸಿರಿಲನ ಹೆಂಡತಿ ಜೆಸಿಂತಾ ತನ್ನ ಜಾಕೆಟ್ಟು ಬಿಚ್ಚಿ ನನಗೆ ಹಾಕಿದಳು. ಕತಾರಿನಲ್ಲಿ ಶೀತವಾಯಿತೆಂದು ಗಂಡನಿಗೆ ಫೋನ್ ಮಾಡಿದರೆ ಅವನು ನಂಬಲೇ ಇಲ್ಲ.

ಮನೆಗೆ ಬಂದು ಪೆಟ್ಟಿಗೆ ತೆರೆದೆವು. ಅಯ್ಯೋ ದೇವರೇ! ಪೊಟ್ಟಣ ಒಡೆದು ಸಿಗಡಿಯೆಲ್ಲ ಆಲ್ತಾರು ಬಟ್ಟೆಯ ಮಡಿಕೆ ಮಡಿಕೆಯಲ್ಲೂ ಸೇರಿಕೊಂಡಿತ್ತು. ಕೊಡವಿದರೆ ದ್ರಾಕ್ಷಿಯ ನಡುವಿನಿಂದ ಸಿಗಡಿ, ಗೋಧಿಯ ನಡುವಿನಿಂದ ಸಿಗಡಿ. ಮಲ್ಪೆ ಬಂದರಿನ ವಾಸನೆ ಇಡೀ ಮನೆಗೆ ಹಬ್ಬಿತು.

ಸಿರಿಲ್ ಮೂಗು ಅರಳಿಸಿ, "ಆಹಾ ಅಕ್ಕಾ, ಇಷ್ಟು ಚಂದದ ಪರಿಮಳದ ಆಲ್ತಾರು ನಾನು ಹುಟ್ಟಿದ ಮೇಲೆ ನೋಡಿಲ್ಲ. ಇದನ್ನು ಹಾಸಿದ್ರೆ ನಾನು ಎದುರಿನ ಬೆಂಚಲ್ಲೇ ಕೂತ್ಕೊಳ್ತೇನೆ," ಎಂದ.

ನನ್ನ ತಮ್ಮನ ಬಗ್ಗೆ ಎರಡು ಮಾತು ಹೇಳಬೇಕು. ಊರಲ್ಲಿದ್ದಾಗ ಪಾದ್ರಿಗಳ ಪ್ರಸಂಗ ಶುರುವಾದರೆ ಹೊರಗೆ ಹೋಗಿ ಮಾವಿನ ಮರದಡಿ ನಿಲ್ಲುತ್ತಿದ್ದ, ಕಾಣಿಕೆಯ ಡಬ್ಬಿ ದಾಟಿದ ಮೇಲೆ ಒಳಗೆ ಬರುತ್ತಿದ್ದ. ಈಗ ಏಸಿ ರಿಪೇರಿಯ ಕಂಪೆನಿಯೊಂದರಲ್ಲಿ ಸೂಪರ್‌ವೈಸರ್. ಇವನ ಆತ್ಮಕ್ಕಾಗಿ ನಾನು ಹೇಳಿದ ಜಪಮಾಲೆಗಳ ಮಣಿ ಎಷ್ಟು ಸವೆದಿದೆಯೋ ದೇವರಿಗೇ ಗೊತ್ತು.

ಮೊದಲ ಶುಕ್ರವಾರ: ಗೋಪುರವಿಲ್ಲದ ಇಗರ್ಜಿ

ಅಲ್ಲಿ ಶುಕ್ರವಾರವೇ ಭಾನುವಾರ. ರಜೆಯ ದಿನ ಅದಾದ್ದರಿಂದ ಪೂಜೆಗೆ ಜನ ಸೇರುವುದೂ ಆ ದಿನವೇ. ಊರಲ್ಲಿ ನಾನು ಶುಕ್ರವಾರ ಮಾಂಸ ಮುಟ್ಟುವವಳಲ್ಲ. ಇಲ್ಲಿ ಪೂಜೆಗೆ ಹೊರಡುವ ಮುಂಚೆಯೇ ಜೆಸಿಂತಾ ಸಾನ್ನಾಂ ಮತ್ತು ಕೋಳಿ ಸುಕ್ಕ ತಂದಿಟ್ಟಳು. ಸಾನ್ನಾಂ ಅಂದರೆ ನಮ್ಮ ಉಬ್ಬಿದ ಇಡ್ಲಿ. ಅದಕ್ಕೆ ಜೊತೆ ಹಂದಿ ಮಾಂಸವೆಂದು ಹಿರಿಯರು ಮಾಡಿಟ್ಟಿದ್ದಾರೆ. ಆ ದೇಶದಲ್ಲಿ ಅದನ್ನು ಕೇಳುವ ಹಾಗಿಲ್ಲ. ಶುಕ್ರವಾರ ಮಾಂಸ ತಿಂದ ಪಾಪ ಒಂದು, ಹಂದಿಯಿಲ್ಲದೆ ಸಾನ್ನಾಂ ತಿಂದ ದುಃಖ ಇನ್ನೊಂದು. ಎರಡನ್ನೂ ಒಟ್ಟಿಗೆ ನುಂಗಿದೆ.

ಇಗರ್ಜಿ ಎಲ್ಲಿ ಎಂದು ಕಾರಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಗೋಪುರ ಹುಡುಕುತ್ತಿದ್ದೆ. ಊರಿನ ಹೊರಗೆ ದೊಡ್ಡ ಕಾಂಪೌಂಡು, ಗೇಟಿನಲ್ಲಿ ಚೀಲ ತಪಾಸಣೆ, ಒಳಗೆ ಬೇರೆ ಬೇರೆ ಪಂಗಡಗಳ ದೇವಾಲಯಗಳು ಸಾಲಾಗಿ. ಗೋಪುರವಿಲ್ಲ, ಗಂಟೆಯಿಲ್ಲ, ಹೊರಗೆ ಎಲ್ಲಿಯೂ ಶಿಲುಬೆಯಿಲ್ಲ. ನಮ್ಮ ಎಪಿಎಂಸಿ ಯಾರ್ಡಿನ ಗೋದಾಮುಗಳ ನೆನಪಾಯಿತು. ಆದರೆ ಜನ! ಫಿಲಿಪೈನ್ಸಿನವರು, ತಮಿಳರು, ಗೋವಾದವರು, ಆಫ್ರಿಕಾದವರು ಒಂದೇ ಬಾಗಿಲಿನಿಂದ ನುಗ್ಗುತ್ತಿದ್ದರು. ನಮ್ಮಲ್ಲಿ ಗೋಪುರ ಆಕಾಶ ಮುಟ್ಟುತ್ತದೆ, ಬೆಂಚು ಮಾತ್ರ ಖಾಲಿ.

ಗೇಟಿನ ಕಾವಲುಗಾರ ನನ್ನ ಚೀಲದಿಂದ ಆಲ್ತಾರು ಬಟ್ಟೆಯನ್ನು ಅರ್ಧ ಹೊರಗೆ ಎಳೆದು ನೋಡಿದ. ಆಮೇಲೆ ವಾಸನೆ ನೋಡಿದ. "ಟೇಬಲ್ ಕ್ಲಾತ್? ಫಿಶ್ ಪಾರ್ಟಿ?" ಎಂದು ಕೇಳಿ ಒಳಗೆ ಬಿಟ್ಟ. ಸಿರಿಲ್ ನಕ್ಕೂ ನಕ್ಕೂ ಗೋಡೆ ಹಿಡಿದು ನಿಂತ.

ಆಲ್ತಾರಿನ ಬಟ್ಟೆಬರೆ ನೋಡಿಕೊಳ್ಳುವವಳು ಮರಿಯಮ್ಮ ಚೇಚಿ ಎಂಬ ಕೊಟ್ಟಾಯಂ ಕಡೆಯ ಹೆಂಗಸು. ಅವಳ ಮಲಯಾಳ, ನನ್ನ ತುಳು, ನಡುವೆ ಹರಕು ಇಂಗ್ಲಿಷು, ಹೇಗೋ ಮಾತು ಸಾಗಿತು. ನಾನು ನಮ್ಮ ಸಂಘಟನೆಯ ಇತಿಹಾಸ, ಕಸೂತಿಯ ಮಹತ್ವ, ನನ್ನ ಶಿಲುಬೆಯ ಒಂದೊಂದು ಹೊಲಿಗೆಗೆ ಹೇಳಿದ ಪ್ರಾರ್ಥನೆ ಎಲ್ಲವನ್ನೂ ವಿವರಿಸಿದೆ. ಅವಳು ಹೋಗಿ ಒಂದು ಅಲಮಾರಿಯ ಬಾಗಿಲು ತೆರೆದಳು.

ಒಳಗೆ ತಳದಿಂದ ಮೇಲಿನ ತನಕ ಆಲ್ತಾರು ಬಟ್ಟೆಗಳು! ತಿರುಚ್ಚಿಯದ್ದು, ಮನಿಲಾದ್ದು, ಮಡಗಾಂವಿನದ್ದು, ಕೊಲಂಬೋದ್ದು. ಎಲ್ಲದರ ಮೇಲೂ ದ್ರಾಕ್ಷಿ, ಎಲ್ಲದರ ಮೇಲೂ ಗೋಧಿ. ಲೋಕದಲ್ಲಿ ಸೂಜಿ ಹಿಡಿದ ಕ್ರೈಸ್ತ ಹೆಂಗಸರಿಗೆಲ್ಲ ಒಂದೇ ಬುದ್ಧಿ ಹೊಳೆದಿತ್ತು.

"ಎಲ್ಲರಿಗೂ ಫೋಟೋ ಬೇಕು," ಎಂದಳು ಚೇಚಿ. ನಮ್ಮ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು. "ಚೆಮ್ಮೀನ್?"

ಹೌದು, ಸಿಗಡಿಯೇ. ನಾನು ತಲೆ ತಗ್ಗಿಸಿದೆ. ಅವಳಿಗೆ ಕನಿಕರ ಬಂದಿರಬೇಕು. ಚೆನ್ನಾಗಿ ಒಗೆದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ ತಂದರೆ ನಾನು ಊರಿಗೆ ಹೊರಡುವ ಮೊದಲಿನ ಶುಕ್ರವಾರ, ಸಂಜೆಯ ಕೊಂಕಣಿ ಪೂಜೆಗೆ ಹಾಸುವುದಾಗಿ ಒಪ್ಪಿಕೊಂಡಳು. ಅದೇ ಹೊತ್ತಿಗೆ ಎಮಿಲ್ಡಾಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಸಿಗಡಿಯ ಸುದ್ದಿ ಮಾತ್ರ ಬಿಟ್ಟೆ.

ಎರಡನೆಯ ಶುಕ್ರವಾರ: ಇಂಡಸ್ಟ್ರಿಯಲ್ ಏರಿಯಾ

ಮರುವಾರ ಬೆಳಿಗ್ಗೆ ಸಿರಿಲ್ ಕಾರಿನ ಡಿಕ್ಕಿಗೆ ಎರಡು ಹೊಲಿಗೆ ಮಿಷನ್ ತುಂಬಿಸುವುದನ್ನು ಕಂಡು ನನಗೆ ಆಶ್ಚರ್ಯ. ಸೂಜಿಗೆ ನೂಲು ಪೋಣಿಸಲು ಬಾರದವನು ಇವನು!

ಕಥೆ ಹೀಗೆ. ಸಿರಿಲನದ್ದೊಂದು ಇಸ್ಪೀಟು ಗ್ಯಾಂಗು ಇದೆ, ಎಲ್ಲ ನಮ್ಮ ಕಡೆಯ ಪೊರ್ಬುಗಳೇ, ಅಂದರೆ ಕ್ರೈಸ್ತರೇ. ಶುಕ್ರವಾರ ಪೂಜೆ ಮುಗಿಸಿ, ಉಂಡು, ಕತ್ತೆ ಆಟ ಆಡುವುದು ಇವರ ಭಕ್ತಿ. ಒಮ್ಮೆ ಸಿರಿಲ್ ಕೆಲಸಗಾರರ ಕ್ಯಾಂಪೊಂದಕ್ಕೆ ಏಸಿ ರಿಪೇರಿಗೆ ಹೋದಾಗ, ಒಬ್ಬ ತನ್ನ ಪ್ಯಾಂಟನ್ನು ಕಬ್ಬಿಣ ಕಟ್ಟುವ ತಂತಿಯಿಂದ ಬಿಗಿದುಕೊಂಡದ್ದನ್ನು ಕಂಡನಂತೆ. ಜಿಪ್ಪು ಹೋಗಿತ್ತು. ಹೊಸ ಪ್ಯಾಂಟು ಕೊಟ್ಟರೆ ಅವನು ಅದನ್ನು ಪೆಟ್ಟಿಗೆಯಲ್ಲಿಟ್ಟ, ಊರಿಗೆ ಒಯ್ಯಲು. ಮತ್ತೆ ಹಾಕಿದ್ದು ಅದೇ ತಂತಿಯ ಪ್ಯಾಂಟು. ಹಾಗಾದರೆ ಹರಿದದ್ದನ್ನೇ ಹೊಲಿದು ಕೊಡುವುದು ಎಂದು ಇಸ್ಪೀಟು ಗ್ಯಾಂಗು ತೀರ್ಮಾನಿಸಿತು. ಜೆಸಿಂತಾ ಕಲಿಸಿದಳು. ಈಗ ಶುಕ್ರವಾರ ಮುಂಜಾನೆ ಇವರ ಹೊಲಿಗೆ, ಸಂಜೆ ಪೂಜೆ.

ಇಷ್ಟು ಒಳ್ಳೆಯ ಅವಕಾಶವನ್ನು ನಾನು ಬಿಡುವುದುಂಟೇ? ಊರಿನಿಂದ ತಂದಿದ್ದ ಪವಿತ್ರ ಚಿತ್ರಗಳ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರು ಹತ್ತಿದೆ. ಸಿರಿಲ್ ಅದನ್ನು ನೋಡಿ ಬ್ರೇಕ್ ಹಾಕಿದ.

"ಅಕ್ಕಾ, ಕೈ ಮುಗೀತೇನೆ. ಇದನ್ನು ಅಲ್ಲಿ ಹಂಚಿದ್ರೆ ನಿನಗಿಂತ ಮೊದಲು ನಾನು ಊರಿಗೆ. ಮತಪ್ರಚಾರ ಇಲ್ಲಿ ಕಾನೂನಿಗೆ ವಿರುದ್ಧ. ನಮ್ಮನ್ನು ಒಳಗೆ ಬಿಟ್ಟ ಇಸ್ಮಾಯಿಲನ ಕೆಲಸವೂ ಖಲಾಸ್."

"ಹಾಗಾದ್ರೆ ಹೊಲೀಲಿಕ್ಕೆ ಮಾತ್ರ ಹೋಗೋದಾ? ದೇವರ ಮಾತು ಒಂದೂ ಹೇಳದೆ?"

"ಹೌದು, ಹೊಲೀಲಿಕ್ಕೆ ಮಾತ್ರ."

"ಮತ್ತೆ ಎಂತ ಪ್ರಯೋಜನ ಮಾರಾಯ?"

"ಪ್ಯಾಂಟು ಜಾರೋದಿಲ್ಲ," ಎಂದ ಸಿರಿಲ್. ಚಿತ್ರಗಳ ಕಟ್ಟು ವಾಪಸ್ ಮನೆಗೆ ಹೋಗಿ ಅಕ್ಕಿ ಡಬ್ಬಿಯೊಳಗೆ ಸೇರಿತು.

ಇಸ್ಮಾಯಿಲ್ ವಿಟ್ಲ ಕಡೆಯ ಬ್ಯಾರಿ, ಆ ಕ್ಯಾಂಪಿನ ಉಸ್ತುವಾರಿ ಅವನದ್ದು. ಎಲ್ಲರೂ ಕ್ಯಾಂಪ್ ಬಾಸ್ ಎನ್ನುತ್ತಾರೆ. ಗೇಟಿನಲ್ಲೇ ನನ್ನನ್ನು ತುಳುವಿನಲ್ಲಿ ಮಾತಾಡಿಸಿ, ಕಡಕ್ ಚಾ ಕೊಟ್ಟು, ಮೆಲ್ಲನೆ ವಿಷಯಕ್ಕೆ ಬಂದ. "ಬಾಯಮ್ಮ, ಪೊರ್ಬು ನಿಮ್ಮ ಬಗ್ಗೆ ಎಲ್ಲ ಹೇಳಿದ್ದಾರೆ. ಇಲ್ಲಿ ಬಟನ್ ಹಾಕಿ, ಜಿಪ್ಪು ಹಾಕಿ. ದೇವರನ್ನು ಮಾತ್ರ ಹಾಕ್ಬೇಡಿ. ನನಗೂ ಮಕ್ಕಳಿದ್ದಾರೆ."

ಆ ದಿನ ನಾನು ಪಟ್ಟ ಪಾಡು ಹೇಳತೀರದು. ಊಟದ ಹಾಲಿನಲ್ಲಿ ಮಿಷನ್ ಇಟ್ಟು ಕೂತರೆ ಸಾಲು ಸಾಲು ಗಂಡಸರು, ಲುಸೈಲ್ ಎಂಬ ಹೊಸ ಪಟ್ಟಣದ ಕಟ್ಟಡಗಳಲ್ಲಿ ವಾರವಿಡೀ ದುಡಿದು ಬಂದವರು. ಕೈಯಲ್ಲಿ ಕಿಸೆ ಹರಿದ ಡಾಂಗ್ರಿ, ಮೊಣಕಾಲು ಹೋದ ಪ್ಯಾಂಟು. ಬಾಯಿಗೆ ಬಂದದ್ದೆಲ್ಲ ಬಿಸಿ ತುಪ್ಪವಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮಾತಿಲ್ಲದ ಮೇಲೆ ಮಾಡುವುದೇನು? ಹೊಲಿದೆ. ಜೀವಮಾನದಲ್ಲಿ ಅಷ್ಟು ಬೇಗ ನಾನು ಹೊಲಿದದ್ದಿಲ್ಲ. ಪಕ್ಕದಲ್ಲಿ ನನ್ನ ತಮ್ಮ ನಾಲಗೆ ಕಚ್ಚಿಕೊಂಡು ಒಂದು ಬಟನಿಗೆ ನೂಲು ಸುತ್ತುತ್ತಿದ್ದ. ಪ್ರಸಂಗಕ್ಕೆ ಹೊರಗೆ ಹೋಗುತ್ತಿದ್ದವನು, ಎರಡು ತಾಸು ಕೂತಲ್ಲಿಂದ ಏಳಲಿಲ್ಲ.

ಮೂರನೆಯ ಶುಕ್ರವಾರ: ಫ್ರಾಕು

ಆ ದಿನ ಸಂಜೆಯೇ ಕೊಂಕಣಿ ಪೂಜೆ. ವಾರವಿಡೀ ತಾರಸಿಯ ಬಿಸಿಲಿಗೆ ಒಣಗಿಸಿ, ನಿಂಬೆರಸ ಹಾಕಿ ಒಗೆದು, ಗಂಜಿ ಹಾಕಿ ಇಸ್ತ್ರಿ ಮಾಡಿದ ಆಲ್ತಾರು ಬಟ್ಟೆ ನನ್ನ ಚೀಲದಲ್ಲಿತ್ತು. ಕ್ಯಾಂಪಿನಿಂದ ನೇರ ಇಗರ್ಜಿಗೆ ಹೋಗುವುದೆಂದು ಮಾತಾಗಿತ್ತು. ಎಮಿಲ್ಡಾ ಬೆಳಿಗ್ಗೆಯೇ ಫೋನ್ ಮಾಡಿ, ಫೋಟೋ ಹತ್ತಿರದಿಂದ ತೆಗೆಯಬೇಕೆಂದು ಎಚ್ಚರಿಸಿದ್ದಳು.

ಕೊನೆಗೆ ಬಂದವನು ಮಲ್ಲಪ್ಪ. ಕೊಪ್ಪಳದ ಕಡೆಯವನು, ಕಬ್ಬಿಣ ಕಟ್ಟುವ ಕೆಲಸ. ಕೈಯಲ್ಲಿ ಪ್ಯಾಂಟಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹೊಸ ಗುಲಾಬಿ ಫ್ರಾಕು. ಸ್ಯಾಟಿನ್ ಬಟ್ಟೆ, ಮೇಲೆ ನೆಟ್ಟು.

"ಅಕ್ಕಾರ, ಬೆನ್ನಿಂದು ಒಂದ ಗುಂಡಿ ಸಡಿಲ ಆಗೈತ್ರಿ. ಜರಾ ಗಟ್ಟಿ ಮಾಡಿ ಕೊಡ್ರಿ. ಇವತ್ತ ಊರಿಗೆ ಹೊಂಟೀನಿ. ಮಗಳಿಗೆ ಒಯ್ಯಾಕತ್ತೀನ್ರಿ."

"ಎಷ್ಟು ವರ್ಷ ಮಗಳಿಗೆ?"

"ಏಳು ನಡದೈತ್ರಿ."

ನಾನು ಫ್ರಾಕನ್ನು ಬೆರಳಲ್ಲಿ ಎತ್ತಿ ಹಿಡಿದೆ. ಬಾಯಿ ಮುಚ್ಚಿಕೊಂಡಿದ್ದು ಒಂದು ವಾರವಾಗಿತ್ತಲ್ಲ, ಒಮ್ಮೆಗೇ ಹೊರಗೆ ಬಂತು. "ಎಂತ ಮಾರಾಯ, ಮಗಳಿಗಾ, ಗೊಂಬೆಗಾ? ಕೂಸು ಬೆಳೆದ ಮೇಲೆ ಕುಲಾವಿ ತಗೊಂಡು ಹೋಗ್ತಾರಾ ಯಾರಾದ್ರೂ? ಇದು ನಾಲ್ಕು ವರ್ಷದ ಮಗುವಿನದ್ದು. ಏಳು ವರ್ಷದವಳ ತೋಳೂ ಇದರೊಳಗೆ ಹೋಗ್ಲಿಕ್ಕಿಲ್ಲ."

ಮಲ್ಲಪ್ಪನ ಮುಖ ನೋಡಿದ ಮೇಲೆ ನನ್ನ ನಾಲಗೆಯನ್ನು ನನ್ನದೇ ಕತ್ತರಿಯಿಂದ ಕತ್ತರಿಸೋಣ ಎನಿಸಿತು. ಅವನು ಅಂಗೈಯನ್ನು ತೊಡೆಯ ಹತ್ತಿರ ಹಿಡಿದು ತೋರಿಸಿದ.

"ನಾ ಬರೂಮುಂದ ಇಲ್ಲಿ ಮಟಾ ಇದ್ಲ್ರಿ. ನಡುವ ಒಂದ ಸಲ ರಜಾ ಸಿಕ್ಕಿತ್ತು, ಓವರ್‌ಟೈಮ್ ಐತಂತ ಹೋಗಲಿಲ್ಲ. ದಿನಾ ಫೋನಿನ್ಯಾಗ ನೋಡ್ತೀನ್ರಿ. ಫೋನಿನ್ಯಾಗ ಮಾರಿ ಅಷ್ಟ ಕಾಣ್ತೈತಿ."

ಫೋನಿನಲ್ಲಿ ಮುಖ ಕಾಣುತ್ತದೆ, ಎತ್ತರ ಕಾಣುವುದಿಲ್ಲ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಫೋನ್ ಮಾಡು," ಎಂದೆ. "ಈಗಲೇ ಮಾಡು. ಅಳತೆ ತೆಗೆಯುವ."

ಪರದೆಯ ಮೇಲೆ ಅವನ ಹೆಂಡತಿ ಬಂದಳು. ಮನೆಯಲ್ಲಿ ಅಳತೆ ಪಟ್ಟಿ ಇಲ್ಲ. ಹಾಗಾದರೆ ಗೇಣು ಹಾಕು ಎಂದೆ. ಅವಳು ಮಗಳನ್ನು ಗೋಡೆಗೆ ನಿಲ್ಲಿಸಿದಳು. "ಭೂಮಿ, ನೆಟ್ಟಗ ನಿಂದ್ರ." "ಯಾಕವ್ವ?" "ಸುಮ್ಮನ." ಹೆಗಲಿನಿಂದ ಮೊಣಕಾಲಿಗೆ ಮೂರೂವರೆ ಗೇಣು ಎಂದಳು. ಯಾವ ಗೇಣು? ಅವಳ ಕೈ ನನ್ನ ಕೈಗಿಂತ ಸಣ್ಣದು. ಕೈಯನ್ನು ಕ್ಯಾಮರಾದ ಹತ್ತಿರ ಹಿಡಿಯಮ್ಮ, ಪಕ್ಕದಲ್ಲಿ ಬೆಂಕಿಪೊಟ್ಟಣ ಇಡು ಎಂದೆ. ಇಲ್ಲಿ ನಾವೊಂದು ಬೆಂಕಿಪೊಟ್ಟಣ ಇಟ್ಟು ಅಂದಾಜು ಕಟ್ಟಿದೆವು. ಸಿರಿಲ್ ಬರೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಕ್ಯಾಂಪಿನ ಅರ್ಧ ಜನ ನಮ್ಮ ಸುತ್ತ ಸೇರಿ, ನೇಪಾಳದವನೊಬ್ಬ ಫೋನಿನೊಳಗಿನ ಮಗುವಿಗೆ ಕೈ ಬೀಸುತ್ತಿದ್ದ.

ಲೆಕ್ಕ ಸ್ಪಷ್ಟವಾಯಿತು. ಬದಿಯ ಹೊಲಿಗೆ ಬಿಚ್ಚಿ ಎರಡೂ ಕಡೆ ಪಟ್ಟಿ ಕೊಡಬೇಕು, ಕೆಳಗೆ ಅಗಲವಾದ ಅಂಚು ಸೇರಿಸಬೇಕು. ಆದರೆ ಬಟ್ಟೆ ಎಲ್ಲಿ? ಶುಕ್ರವಾರ ಮುಂಜಾನೆ ಅಂಗಡಿ ತೆರೆಯುವುದಿಲ್ಲ, ಜುಮಾ ನಮಾಜು ಮುಗಿಯಬೇಕು. ನಮಾಜು ಮುಗಿದ ಕೂಡಲೇ ಮಲ್ಲಪ್ಪನ ವ್ಯಾನು ಏರ್‌ಪೋರ್ಟಿಗೆ ಹೊರಡುತ್ತದೆ. ನಮ್ಮಲ್ಲಿದ್ದದ್ದು ತೇಪೆಗೆಂದು ತಂದ ನೀಲಿ ಡಾಂಗ್ರಿ ಬಟ್ಟೆ ಮಾತ್ರ. ಗುಲಾಬಿ ಸ್ಯಾಟಿನ್ನಿನ ಪಕ್ಕ ಹಿಡಿದು ನೋಡಿದೆ. ಮದುಮಗಳಿಗೆ ಗೋಣಿ ಉಡಿಸಿದ ಹಾಗೆ ಕಂಡಿತು.

"ಇರ್ಲಿ ಬಿಡ್ರಿ ಅಕ್ಕಾರ," ಎಂದ ಮಲ್ಲಪ್ಪ. ಫ್ರಾಕನ್ನು ಮಡಚತೊಡಗಿದ. "ಮುಂದ ನೋಡೋಣಂತ."

ನನ್ನ ಚೀಲ ನನ್ನ ಕಾಲ ಬುಡದಲ್ಲೇ ಇತ್ತು.

ನಿಜ ಹೇಳುತ್ತೇನೆ, ಮೊದಲು ನನಗೆ ಸಿಟ್ಟು ಬಂತು. ದೇವರ ಮೇಲೆಯೇ ಬಂತು. ಬೇರೆ ದಿನ ಸಿಗಲಿಲ್ಲವಾ ನಿನಗೆ? ಬೇರೆ ಟೈಲರ್ ಸಿಗಲಿಲ್ಲವಾ? ಮಳೆಗಾಲ ಪೂರ್ತಿ ಕೂತು ಹೊಲಿದಿದ್ದೇವೆ, ಕಣ್ಣು ಕಾಣದ ಮೊಂತಿ ಬಾಯಿ ಕೂಡ ಒಂದು ಗೊಂಚಲು ಹಾಕಿದ್ದಾಳೆ, ನಿನಗೇ ಅಂತ ತಂದದ್ದು ತಾನೇ ಇದು? ಅಷ್ಟು ಜನರ ಮುಖಕ್ಕೆ ನಾನು ಏನು ಹೇಳಲಿ? ಆ ಎಮಿಲ್ಡಾಗೆ ಏನು ಹೇಳಲಿ? ಮಲ್ಲಪ್ಪ ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟುತ್ತಿದ್ದ.

"ಹೇ, ಬಿಚ್ಚು ಅದನ್ನು," ಎಂದೆ.

ಆಲ್ತಾರು ಬಟ್ಟೆಯನ್ನು ಮೇಜಿನ ಮೇಲೆ ಹಾಸಿದೆ. ಬಂಗಾರದ ಶಿಲುಬೆ ಟ್ಯೂಬ್‌ಲೈಟಿನ ಬೆಳಕಿಗೆ ಪಳಪಳ ಎಂದಿತು. ಸಿರಿಲನ ಮುಖ ಬಿಳಿಚಿತು. ಇಸ್ಮಾಯಿಲ್ ಬಾಗಿಲಲ್ಲೇ ನಿಂತಿದ್ದ. ಶಿಲುಬೆಯನ್ನು ನೋಡಿದ, ಫ್ರಾಕನ್ನು ನೋಡಿದ, ನನ್ನ ಕೈಯಲ್ಲಿದ್ದ ಕತ್ತರಿಯನ್ನು ನೋಡಿದ.

"ನಾನು ನೀರಿನ ಟ್ಯಾಂಕು ತುಂಬಿತಾ ಅಂತ ನೋಡಿ ಬರ್ತೇನೆ ಬಾಯಮ್ಮ," ಎಂದು ಹೊರಗೆ ಹೋದ. ಹೋಗುವಾಗ ಬಾಗಿಲು ಎಳೆದುಕೊಂಡ.

ಶಿಲುಬೆಯಿದ್ದ ನಡುಭಾಗವನ್ನು ಒಳಗೆ ಮಡಚಿಟ್ಟು ಎರಡೂ ತುದಿಗಳನ್ನು ಕತ್ತರಿಸಿದೆ. ಮೊದಲ ಕತ್ತರಿಗೆ ಅಳು ಬಂತು, ಮೂಗನ್ನು ಸೆರಗಿಗೆ ಒರೆಸಿಕೊಂಡೆ. ಆಮೇಲೆ ಕಸುಬು ಕೈ ಹಿಡಿಯಿತು. ಬದಿಗಳಿಗೆ ಗೋಧಿಯ ತೆನೆ ನೆಟ್ಟಗೆ ಬರುವಂತೆ ಪಟ್ಟಿ ಕೊಟ್ಟೆ. ಕೆಳಗೆ ಸುತ್ತಲೂ ದ್ರಾಕ್ಷಿಯ ಅಂಚು. ಮುಂದಿನ ವರ್ಷಕ್ಕೂ ಬರಲಿ ಎಂದು ಒಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟೆ, ಅವಳು ಬೆಳೆದಂತೆ ಬಿಚ್ಚಬಹುದು. ಸಿರಿಲ್ ಆ ಸಡಿಲ ಗುಂಡಿಯನ್ನು ಹೊಲಿದ. ಅವನ ಗುಂಡಿಯನ್ನು ಆನೆ ಎಳೆದರೂ ಕಿತ್ತು ಬರದು, ಅಷ್ಟು ನೂಲು.

ಮಲ್ಲಪ್ಪ ಫ್ರಾಕನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಎದೆಗೆ ಇಟ್ಟು ನೋಡಿದ. ಮಗಳ ಎತ್ತರ ಅವನಿಗೆ ಆಗ ಕಂಡಿರಬೇಕು. ಗಂಡಸು ಗಳಗಳ ಅತ್ತುಬಿಟ್ಟ. "ಇಷ್ಟ ದೊಡ್ಡಾಕಿ ಆಗ್ಯಾಳೇನ್ರಿ?" ಎಂದ. ಆಮೇಲೆ ಕಣ್ಣೊರೆಸಿಕೊಂಡು, "ಇಷ್ಟ ಚಲೋ ಬಟ್ಟಿ ಯಾಕ ಕತ್ತರಿಸಿದ್ರಿ ಅಕ್ಕಾರ? ಇದು ಯಾತರದ್ದು?" ಎಂದು ಕೇಳಿದ.

ನೋಡಿ, ಇಡೀ ಜೀವನ ನಾನು ಕಾದದ್ದು ಇಂಥದ್ದೊಂದು ಪ್ರಶ್ನೆಗಾಗಿ. ನನ್ನ ಸಾಕ್ಷ್ಯ ಅಷ್ಟೂ ನಾಲಗೆಯ ತುದಿಗೆ ಬಂದು ನಿಂತಿತು, ಆದಿಯಿಂದ ಅಂತ್ಯದ ತನಕ, ವಚನ ಸಮೇತ. ಸಿರಿಲ್ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದ.

"ಊಟದ ಮೇಜಿಂದು ಮಾರಾಯ," ಎಂದೆ. "ಹೋಗು, ವ್ಯಾನು ತಪ್ಪೀತು."

ಸುಳ್ಳಂತೂ ಅಲ್ಲ. ಯಾವ ಪಾದ್ರಿಗಳನ್ನು ಬೇಕಾದರೂ ಕೇಳಿ ನೋಡಿ.

ಅದೇ ಸಂಜೆ

ಮರಿಯಮ್ಮ ಚೇಚಿಯ ಮುಂದೆ ಉಳಿದ ತುಂಡನ್ನು ಇಟ್ಟು ನಡೆದದ್ದನ್ನು ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವಳು ಕೇಳಿಸಿಕೊಂಡಳು, ತನ್ನ ತುಂಬಿದ ಅಲಮಾರಿಯ ಕಡೆಗೊಮ್ಮೆ ನೋಡಿದಳು.

"ಒಳ್ಳೆಯದಾಯಿತು," ಎಂದಳು. "ನನಗೆ ಒಂದು ಇಸ್ತ್ರಿ ಕಡಿಮೆ."

ಆ ತುಂಡನ್ನು ಒಯ್ದು, ನೀರು ಮತ್ತು ದ್ರಾಕ್ಷಾರಸ ಇಡುವ ಬದಿಯ ಸಣ್ಣ ಮೇಜಿನ ಮೇಲೆ ಹಾಸಿದಳು. ಅಳತೆ ಸರಿಯಾಗಿ ಕೂತಿತು. ಆಲ್ತಾರಿನ ಮೇಲೆ ಆ ದಿನ ಇದ್ದದ್ದು ಮನಿಲಾದ ಹೆಂಗಸರು ಹೊಲಿದ ಬಟ್ಟೆ. ಹೊಟ್ಟೆಕಿಚ್ಚಿನಿಂದ ಅದರ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಾ ಅರ್ಧ ಪೂಜೆ ಕಳೆದೆ. ಒಂದೂ ಸಿಗಲಿಲ್ಲ. ಪಕ್ಕದಲ್ಲಿ ಸಿರಿಲ್ ಪ್ರಸಂಗ ಶುರುವಾದೊಡನೆ ನಿದ್ದೆ ಹೋದ. ಯಾವಾಗಲೂ ಮೊಣಕೈಯಿಂದ ತಿವಿಯುವವಳು ನಾನು, ಆ ದಿನ ಅವನ ತಲೆ ನನ್ನ ಹೆಗಲಿಗೆ ವಾಲಿದರೂ ಸುಮ್ಮನಿದ್ದೆ.

ಕಿನ್ನಿಗೋಳಿ

ಊರಿಗೆ ಬಂದ ಮೇಲಿನ ಮೊದಲ ಭಾನುವಾರ ಪೂಜೆ ಮುಗಿಯುವುದನ್ನೇ ಕಾಯುತ್ತಿದ್ದವರ ಹಾಗೆ ಹೆಂಗಸರೆಲ್ಲ ಇಗರ್ಜಿಯ ಮೆಟ್ಟಿಲಲ್ಲಿ ನನ್ನನ್ನು ಸುತ್ತುವರಿದರು. ನನ್ನ ಗಂಡ ಸ್ವಲ್ಪ ದೂರ, ಓಡಲು ಅನುಕೂಲವಾದ ಜಾಗದಲ್ಲಿ ನಿಂತಿದ್ದ.

"ಫೋಟೋ," ಎಂದಳು ಎಮಿಲ್ಡಾ, ಕೈ ಚಾಚಿ.

ನಾನು ಫೋನು ಕೊಟ್ಟೆ. ಮಲ್ಲಪ್ಪ ಕೊಪ್ಪಳದಿಂದ ಕಳಿಸಿದ ಚಿತ್ರ. ಎರಡು ಜಡೆ ಹಾಕಿಕೊಂಡ ಭೂಮಿ ಮನೆಯ ಕಟ್ಟೆಯ ಮೇಲೆ ನಿಂತು, ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಮುಂದಿನ ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಾಳೆ. ಜೊತೆಗೆ ಅವನ ಧ್ವನಿಯೂ ಇತ್ತು, ಅದನ್ನೂ ಕೇಳಿಸಿದೆ: "ಅಕ್ಕಾರ, ಬರಾಬ್ಬರಿ ಕುಂತೈತ್ರಿ. ರಾತ್ರಿ ಮಕ್ಕೊಳ್ಳಾಕೂ ಬಿಚ್ಚವಲ್ಲಳು. ಒಂದ ಸಮಸ್ಯೆ ಅಂದ್ರ, ಅಕಿ ಹೋದಲ್ಲೆಲ್ಲಾ ಮನಿ ಬೆಕ್ಕು ಹಿಂದ ಹಿಂದ ಹೊಂಟೈತ್ರಿ."

ನಾನು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಮಟ್ಟಿಗೆ ಅದು ಅತಿ ಚಿಕ್ಕ ಭಾಷಣ. ಹೇಳಿ ಮುಗಿಸಿ ತಲೆ ತಗ್ಗಿಸಿ ನಿಂತೆ.

ಮೊದಲು ಬಾಯಿಬಿಟ್ಟವಳು ಕಣ್ಣು ಕಾಣದ ಮೊಂತಿ ಬಾಯಿ. "ನನ್ನ ಗೊಂಚಲು ಉಂಟಾ ಅದರಲ್ಲಿ?" ಎಂದು ಕೇಳಿದಳು. ಯಾರೋ ಫೋನಿನ ಚಿತ್ರವನ್ನು ದೊಡ್ಡದು ಮಾಡಿದರು. ಉಂಟು, ಎಡಗಡೆ, ಮೊಣಕಾಲಿನ ಹತ್ತಿರ, ಸ್ವಲ್ಪ ಸೊಟ್ಟ. ಮುದುಕಿಯ ಮುಖ ಅರಳಿತು. ಆಮೇಲೆ ಶುರುವಾಯಿತು ನೋಡಿ! "ಇದು ನಂದು." "ಅಲ್ಲ, ಅದು ನಂದು, ನಂದರಲ್ಲಿ ಎಲೆ ದೊಡ್ಡದುಂಟು." "ಬೆನ್ನಿನ ಕಡೆಯ ಫೋಟೋ ಇಲ್ವಾ?" ತಲೆಗೆ ತಲೆ ತಾಗಿಸಿ ಎಲ್ಲರೂ ಕೊಪ್ಪಳದ ಮಗುವಿನ ಫ್ರಾಕಿನಲ್ಲಿ ತಮ್ಮ ತಮ್ಮ ಗೊಂಚಲು ಹುಡುಕುತ್ತಿದ್ದರು.

ಎಮಿಲ್ಡಾ ಮಾತ್ರ ಫೋನನ್ನು ಕಿತ್ತುಕೊಂಡು ಚಿತ್ರವನ್ನು ಮೇಲೆ ಕೆಳಗೆ ಸರಿಸಿ ನೋಡಿದಳು, ಮತ್ತೊಮ್ಮೆ ನೋಡಿದಳು. ಅವಳ ಗೊಂಚಲು ಅಲ್ಲಿರಲಿಲ್ಲ. ಶಿಲುಬೆಯ ಪಕ್ಕ ಜಾಗ ಹಿಡಿದವಳದ್ದು ಶಿಲುಬೆಯ ಜೊತೆಗೇ ಉಳಿದಿತ್ತು. ಅದು ಇಗರ್ಜಿಯೊಳಗೇ ಇದೆ, ಸಣ್ಣ ಮೇಜಿನ ಮೇಲೆ, ದಿನಾ ಪೂಜೆಗೆ ಇರುತ್ತದೆ ಎಂದು ಸಮಾಧಾನ ಹೇಳಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಅವನಿಗೆ ಇನ್ನೊಂದು ಹೆಣ್ಣು ಮಗು ಇಲ್ವಾ ಮಾರಾಯ್ತಿ?"